ಬಿರಡೆಯ ಚೂರು

ಪಿಟೀಲು ಮೇಷ್ಟ್ರು ಹಾಡಿನ ನಡುವೆಯೇ ಕಮಾನನ್ನು ತಂತಿಯ ಮೇಲಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡುಬಿಟ್ಟರು.

ಆಕೆ ನಿಲ್ಲಿಸಲಿಲ್ಲ. ಅರ್ಧಕ್ಕೆ ನಿಂತ ಹಾಡು ಊಟದ ತಟ್ಟೆಯಲ್ಲಿ ಸಿಕ್ಕ ಕೂದಲಿದ್ದಂತೆ. ಮಿಕ್ಕಿದ್ದೆಲ್ಲ ಎಷ್ಟೇ ಚೆನ್ನಾಗಿರಲಿ, ಗಿರಾಕಿ ಮನೆಗೆ ಹೋಗಿ ಅದೊಂದನ್ನೇ ಹೇಳುತ್ತಾನೆ. ಎದೆಗೆ ಕಟ್ಟಿಕೊಂಡ ಅಕಾರ್ಡಿಯನ್ನಿನ ತಿದಿಯನ್ನು ಎಳೆದು ಒತ್ತುತ್ತಾ, ಕಪ್ಪು ಬಿಳಿ ಮನೆಗಳ ಮೇಲೆ ಬೆರಳಾಡಿಸುತ್ತಾ ಒಬ್ಬಳೇ ಮುಂದಕ್ಕೆ ಹೋದಳು. ಹೋಟೆಲಿನ ಊಟದ ಕೋಣೆಯಲ್ಲಿ ಮೇಜುಗಳನ್ನು ಗೋಡೆಗೆ ಸರಿಸಿ ಮಾಡಿದ ಜಾಗದಲ್ಲಿ ಒಬ್ಬ ವೃದ್ಧರೂ ಅವರ ಹೆಂಡತಿಯೂ ಕೈ ಕೈ ಹಿಡಿದು ಹೆಜ್ಜೆ ಹಾಕುತ್ತಿದ್ದರು. ಮದುವೆಯಾಗಿ ನಲವತ್ತು ವರ್ಷವಾಯಿತೆಂದು ಅವರ ಮಗ ಮಧ್ಯಾಹ್ನ ಫೋನು ಮಾಡಿ ಈ ಹಾಡೇ ಬೇಕು ಎಂದು ಹೇಳಿದ್ದ. ಮಾತಿಲ್ಲದ, ಬರೀ ವಾದ್ಯದ ಹಾಡು. ಆಕೆ ಹಿಂದೆಂದೂ ಕೇಳಿದ್ದಲ್ಲ; ಮಗಳು ಹುಡುಕಿ ಪ್ಲೇಯರಿಗೆ ಹಾಕಿಕೊಟ್ಟಿದ್ದಳು. ನಿಧಾನದ ಹಾಡು ಎಂದು ಅವನು ಹೇಳಿದ್ದ; ಕೇಳಿ ಕಲಿಯುವಾಗ ಅದು ನಿಧಾನವಾಗೇನೂ ಇರಲಿಲ್ಲ. ಈಗಿನವರಿಗೆ ನಿಧಾನವೆಂದರೆ ಇದೇ ಇರಬೇಕು ಎಂದುಕೊಂಡಿದ್ದಳು.

ಮೂರನೆಯ ಸುತ್ತಿನಲ್ಲಿ ವೃದ್ಧರ ಮಂಡಿ ಕೈಕೊಟ್ಟಿತು. ಪಕ್ಕದ ಮೇಜಿನ ಅಂಚು ಹಿಡಿದುಕೊಂಡರು; ಒಂದು ಚಮಚ ಕೆಳಗೆ ಬಿದ್ದು ಸದ್ದಾಯಿತು. ಅವರ ಹೆಂಡತಿ ಗಂಡನನ್ನು ಕುರ್ಚಿಗೆ ಕೂರಿಸಿ, ವಾದ್ಯದವರ ಕಡೆ ತಿರುಗಿ, ಸಿಟ್ಟಿಲ್ಲದ ದನಿಯಲ್ಲಿ ಕೇಳಿದರು: "ನಮ್ಮನ್ನೇನು ಬಸ್ಸು ಹಿಡಿಯೋಕೆ ಓಡಿಸ್ತಿದ್ದೀರೇನಮ್ಮ?"

ಕೋಣೆ ನಕ್ಕಿತು. ಆಕೆ ಹಾಡು ಮುಗಿಸಿ ತಿದಿ ಮುಚ್ಚಿದಳು.

ಅಡುಗೆಮನೆಯ ಪಕ್ಕದ ಓಣಿಯಂಥ ಜಾಗದಲ್ಲಿ, ತೊಳೆದಿಟ್ಟ ಬೋಗುಣಿಗಳ ನಡುವೆ, ಮೇಷ್ಟ್ರು ಪಿಟೀಲನ್ನು ಪೆಟ್ಟಿಗೆಯೊಳಗೆ ಮಲಗಿಸುತ್ತಿದ್ದರು. ಶಾಲೆಯಲ್ಲಿ ಸಂಗೀತ ಹೇಳಿಕೊಟ್ಟು ನಿವೃತ್ತರಾದವರು. ಆಕೆಯ ಜೊತೆ ಇದೇ ಹೋಟೆಲಿನಲ್ಲಿ ಶನಿವಾರ, ಭಾನುವಾರದ ಸಂಜೆ ನುಡಿಸಲು ಶುರುಮಾಡಿ ವರ್ಷಗಳೇ ಆಗಿದ್ದವು.

"ಇದನ್ನ ಎಲ್ಲಿ ಕಲಿತ್ರಿ ತಾಯಿ?" ಎಂದರು, ತಲೆ ಎತ್ತದೆ.

"ಕೇಳಿ ಕಲಿತೆ. ಯಾವಾಗಲೂ ಕಲಿಯೋ ಹಾಗೆ."

"ಮೂರು ಮನೆ ಮೇಲೆ ನುಡಿಸಿದ್ರಿ. ಬಿಳಿ ಮನೇಲಿ ಇರಬೇಕಾದ್ದು ಕಪ್ಪು ಮನೇಲಿ. ಓಟ ಬೇರೆ. ನಾನು ಈ ಹಾಡನ್ನ ಮೀಸೆ ಬರೋ ಮುಂಚಿನಿಂದ ನುಡಿಸ್ತಿದ್ದೀನಿ. ನಿಮ್ಮ ಜೊತೆ ಸೇರೋಕೆ ಹೋದರೆ ನನ್ನ ತಂತಿ ಅಳುತ್ತೆ."

"ಇದ್ದದ್ದೇ ಹಾಗೆ ಮೇಷ್ಟ್ರೇ. ನನ್ನ ಕಿವಿ ತಪ್ಪು ಹೇಳಲ್ಲ."

"ಕಿವಿ, ಕಿವಿ. ಬರೆದದ್ದನ್ನ ಓದೋದು ಕಲೀರಿ ಅಂತ ಎಷ್ಟು ಸಲ ಹೇಳಿದೆ." ಪೆಟ್ಟಿಗೆಯ ಕೊಂಡಿ ಹಾಕಿದರು. ಪ್ರತಿ ಶನಿವಾರ ಇಬ್ಬರೂ ಆ ಓಣಿಯಲ್ಲೇ ನಿಂತು ಒಂದೊಂದು ಲೋಟ ಚಹಾ ಕುಡಿದು ಹೋಗುವುದು ರೂಢಿ. ಅವತ್ತು ಮೇಷ್ಟ್ರ ಲೋಟ ಹಾಗೇ ಆರಿತು.

ಆಮೇಲೆ ಮ್ಯಾನೇಜರ್ ಬಂದ. ಅವನು ಕೂಗಾಡುವವನಲ್ಲ. "ಪೆಟ್ಟಿಗೆಯಮ್ಮ," ಎಂದ, ಆ ಅಕಾರ್ಡಿಯನ್ ಪೆಟ್ಟಿಗೆಯಿಂದಾಗಿ ಹೋಟೆಲಿನಲ್ಲಿ ಎಲ್ಲರೂ ಆಕೆಯನ್ನು ಹಾಗೇ ಕರೆಯುತ್ತಿದ್ದುದು. "ಅವರು ಮುಂದಿನ ಶನಿವಾರ ಮತ್ತೆ ಬರ್ತಾರಂತೆ. ಅಪ್ಪ ಅಮ್ಮ ಕುಣಿಯೋದನ್ನ ಸರಿಯಾಗಿ ನೋಡಬೇಕಂತೆ ಆ ಮಗನಿಗೆ. ತಾನೇ ಸ್ಪೀಕರ್ ತರ್ತೀನಿ ಅಂದ. ಬೇಡ, ನಮ್ಮವರೇ ನುಡಿಸ್ತಾರೆ ಅಂದಿದ್ದೀನಿ. ಆದರೆ ಯಜಮಾನರು ಕೇಳಿಸ್ಕೊಂಡಿದ್ದಾರೆ. ಗೋಡೆಗೆ ಎರಡು ಸ್ಪೀಕರ್ ಹಾಕಿದ್ರೆ ವಾರವೆಲ್ಲ ಹಾಡುತ್ತೆ, ಚಹಾನೂ ಕೇಳಲ್ಲ ಅಂತ ಅವರು ಹೇಳ್ತಾನೇ ಇದ್ರು. ಶನಿವಾರ ಇನ್ನೊಂದ್ಸಲ ಹೀಗಾದರೆ ನಾನು ಏನೂ ಮಾಡೋಕಾಗಲ್ಲ."

ಆಕೆ ಹೂಂ ಎಂದಳು. ತಪ್ಪು ಮಾಡಿದ್ದರೆ ಒಪ್ಪಿಕೊಳ್ಳುವುದು ಆಕೆಗೆ ಕಷ್ಟವಲ್ಲ. ಆದರೆ ತಪ್ಪು ಎಲ್ಲಿ ಆಯಿತೆಂದೇ ತಿಳಿಯದಿದ್ದರೆ ಏನನ್ನು ಒಪ್ಪಿಕೊಳ್ಳುವುದು?

ಅದು ತಿಳಿದದ್ದು ಮರುದಿನ ಬೆಳಿಗ್ಗೆ.

ಆಕೆ ಕಲಿಯುವ ರೀತಿ ಹೀಗೆ. ಅಕಾರ್ಡಿಯನ್ ಒಮ್ಮೆ ಹೆಗಲಿಗೆ ಏರಿತೆಂದರೆ ಎರಡು ಕೈಯೂ ಅದರ ಪಾಲು. ಎಡಗೈ ತಿದಿಯ ಪಟ್ಟಿಯೊಳಗೆ, ಬಲಗೈ ಮನೆಗಳ ಮೇಲೆ. ಹಾಡು ಬರುವ ಪ್ಲೇಯರನ್ನು ಒತ್ತಲು ಪ್ರತಿ ಸಲ ಕೈ ಬಿಡಿಸಿಕೊಂಡರೆ ಬೆರಳಿಗೆ ಹತ್ತಿದ್ದು ಬೆರಳಲ್ಲೇ ಆರಿಹೋಗುತ್ತದೆ. ಆದ್ದರಿಂದ ಆಕೆ ಪ್ಲೇಯರನ್ನು ಒಂದು ಮರದ ತುಂಡಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಕುರ್ಚಿಯ ಮುಂದೆ ನೆಲದ ಮೇಲಿಟ್ಟು, ಎಡಗಾಲಿನ ಚಪ್ಪಲಿ ಬಿಟ್ಟು, ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ಸಾಬೂನಿನ ಅರ್ಧದಷ್ಟು ದೊಡ್ಡದಾದ ಕಪ್ಪು ಪ್ಲೇಯರು, ಅದಕ್ಕೆ ಐದು ಗುಂಡಿ. ಹಿಂದಕ್ಕೆ ಓಡಿಸುವ ಗುಂಡಿಯ ಮೇಲೆ ಹೋಟೆಲಿನ ಬಾಟಲಿಯೊಂದರ ಬಿರಡೆಯಿಂದ ತೆಳ್ಳಗೆ ಕೊಯ್ದ ಚೂರನ್ನು ಅಂಟಿಸಿದ್ದಳು, ಕಾಲಿಗೆ ಗುರುತು ಸಿಗಲೆಂದು. ಒತ್ತಿ ಹಿಡಿದರೆ ಹಾಡು ಹಿಂದೆ ಸರಿಯುತ್ತಿತ್ತು; ಬಿಟ್ಟಲ್ಲಿಂದ ಮತ್ತೆ ಶುರು. ಒಂದು ತುಣುಕು ಕೇಳು, ಒತ್ತು, ಮತ್ತೆ ಕೇಳು, ಒತ್ತು, ನುಡಿಸು. ಅಂಥ ನೂರಾರು ಹಾಡು ಆಕೆಯ ಹೆಬ್ಬೆರಳಿನ ಮೂಲಕ ಬೆರಳಿಗೆ ಹತ್ತಿದ್ದವು.

ಹದಿನೈದು ದಿನದ ಹಿಂದೆ ಅಳಿಯ ಮನೆಗೆ ಬಂದವನೇ "ಅತ್ತೆ, ಕಣ್ಣು ಮುಚ್ಚಿ" ಎಂದು ಒಂದು ಬಿಳಿ ಡಬ್ಬಿಯನ್ನು ಕೈಗಿಟ್ಟಿದ್ದ. ಒಳಗೆ ಹೊಸ ಪ್ಲೇಯರು. ಎದುರಿಗೆಲ್ಲ ಗಾಜು, ಸುತ್ತಲೂ ಗಾಜು, ಹಸುಳೆಯ ಕೆನ್ನೆಯಂತೆ ನುಣುಪು. ಎಲ್ಲಿಯೂ ಒಂದು ಗುಂಡಿ ಇಲ್ಲ.

"ಹಳೇದು?" ಎಂದಿದ್ದಳು.

"ಎಕ್ಸ್‌ಚೇಂಜಿಗೆ ಕೊಟ್ಟೆ. ಹಾಡೆಲ್ಲ ಇದಕ್ಕೆ ಹಾಕಿದ್ದೀನಿ, ಒಂದೂ ಬಿಟ್ಟಿಲ್ಲ."

"ಯಾವಾಗ ಕೊಟ್ರಿ?"

"ನೀವು ಮಾರ್ಕೆಟ್ಟಿಗೆ ಹೋಗಿದ್ರಲ್ಲ, ಆಗ ತಗೊಂಡು ಹೋದೆ. ಹೇಳಿದ್ರೆ ಆಶ್ಚರ್ಯ ಎಲ್ಲಿರುತ್ತೆ?"

ಅಳಿಯ ಕೆಟ್ಟವನಲ್ಲ, ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟವನಾಗಿದ್ದರೆ ಬೈದು ಮುಗಿಸಬಹುದಿತ್ತು. ದೊಡ್ಡ ಬೀದಿಯಲ್ಲಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಅಂಗಡಿಯವರೇ ಕೊಟ್ಟ ಟೈ ಕಟ್ಟಿಕೊಂಡು ನಿಲ್ಲುವ ಕೆಲಸ. ಮನೆಯಲ್ಲಿ ಸೋರುವ ನಲ್ಲಿ ಕಟ್ಟುತ್ತಿದ್ದ, ದನಿ ಏರಿಸುತ್ತಿರಲಿಲ್ಲ, ಮಗಳನ್ನು ನಗಿಸುತ್ತಿದ್ದ. ಮೂವರೂ ಒಂದೇ ಮನೆಯಲ್ಲಿದ್ದರು. ಬಾಡಿಗೆಯ ಕರಾರು ಆಕೆಯ ಹೆಸರಿನಲ್ಲಿ, ಕರೆಂಟಿನದು ಅವನ ಹೆಸರಿನಲ್ಲಿ. ಅಂಥವನು ಪ್ರೀತಿಯಿಂದ ತಂದದ್ದು ಬಾಯಲ್ಲಿಟ್ಟ ಬಿಸಿ ತುಪ್ಪದಂತಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಆಕೆ ಆ ಗಾಜನ್ನೇ ಮರದ ತುಂಡಿಗೆ ಕಟ್ಟಿಕೊಂಡು ಹೆಬ್ಬೆರಳು ಇಟ್ಟಿದ್ದಳು.

ಭಾನುವಾರ ಬೆಳಿಗ್ಗೆ ಬಟ್ಟೆ ಮಡಿಸುತ್ತಿದ್ದ ಮಗಳು ಹತ್ತಿರ ಬಂದು ಬಗ್ಗಿ ನೋಡಿದಳು. "ಅಮ್ಮ, ಇದು ಜೋರಾಗಿ ಓಡ್ತಿದೆ. ಇಲ್ಲಿ ಗಡಿಯಾರದ ಮುಳ್ಳಿನ ಥರ ಇದೆಯಲ್ಲ, ಇದು ಪೂರ್ತಿ ಬಲಕ್ಕೆ ಹೋಗಿದೆ."

"ನಾನು ಅದನ್ನ ಮುಟ್ಟೇ ಇಲ್ಲ."

"ನೀನು ಮುಟ್ಟಿಲ್ಲ, ನಿನ್ನ ಕಾಲು ಮುಟ್ಟಿದೆ. ಕೆಳಗಿನಿಂದ ಮೇಲಕ್ಕೆ ಸವರಿದರೆ ಇದು ಬರುತ್ತೆ, ನೋಡು. ಆಮೇಲೆ ಪಕ್ಕಕ್ಕೆ ಸವರಿದರೆ ಓಟ ಜಾಸ್ತಿ." ಮಗಳು ಬೆರಳಿನಿಂದ ಮುಳ್ಳನ್ನು ನಡುವಿಗೆ ತಂದಳು. ಹಾಡು ತಟ್ಟನೆ ಇಳಿಯಿತು. ಮೂರು ಮನೆ ಕೆಳಗೆ, ಮೇಷ್ಟ್ರು ಹೇಳಿದ ಜಾಗಕ್ಕೆ ಸರಿಯಾಗಿ. ಓಡುತ್ತಿದ್ದದ್ದು ನಡೆಯತೊಡಗಿತು.

ಆಕೆ ತಿದಿ ಮುಚ್ಚಿದಳು. ಹಿಂದಿನ ರಾತ್ರಿ ಕೋಣೆ ನಕ್ಕದ್ದು ಕಿವಿಯಲ್ಲಿ ಇನ್ನೊಮ್ಮೆ ಕೇಳಿತು.

ಅಳಿಯ ಹಲ್ಲುಜ್ಜಿಕೊಂಡು ಬಂದು ಎಲ್ಲವನ್ನೂ ಕೇಳಿದ. ಆಕೆಯ ಹೆಬ್ಬೆರಳನ್ನು ಡಾಕ್ಟರ್ ನೋಡಿದಂತೆ ನೋಡಿದ. "ತಪ್ಪು ಇದರದ್ದಲ್ಲ ಅತ್ತೆ. ಇದಕ್ಕೆ ಜೀವ ಇರೋ ಚರ್ಮ ಬೇಕು. ನಿಮ್ಮ ಹೆಬ್ಬೆರಳು ತುದೀಲಿ ಜಡ್ಡುಗಟ್ಟಿ ಸತ್ತಿದೆ. ಅದಕ್ಕೇ ಒತ್ತಿದಾಗ ಕೇಳಲ್ಲ, ಪಕ್ಕದ ಮೆತ್ತನೆ ಭಾಗ ತಗುಲಿದಾಗ ಮಾತ್ರ ಕೇಳುತ್ತೆ. ಸ್ವಲ್ಪ ನೀರು ಹಚ್ಕೊಳ್ಳಿ."

ನೀರು ಹಚ್ಚಿಕೊಂಡಳು. ಹಾಡು ಹಿಂದಕ್ಕೆ ಹೋಗುವ ಬದಲು ಬೇರೆ ಹಾಡಿಗೆ ಹೋಯಿತು, ಅಲ್ಲಿಂದ ಇನ್ನೊಂದಕ್ಕೆ, ಆಮೇಲೆ ಅದರೊಳಗಿಂದ ಯಾವುದೋ ಹೆಂಗಸಿನ ದನಿ "ನಿಮಗೇನು ಸಹಾಯ ಬೇಕು" ಎಂದು ಕೇಳಿತು.

"ನಾನು ಒತ್ತಿಕೊಡ್ತೀನಿ ಇರು," ಎಂದು ಮಗಳು ನೆಲದ ಮೇಲೆ ಕೂತಳು.

"ಹಿಂದಕ್ಕೆ."

"ಎಲ್ಲಿಗೆ?"

"ಆ ತಿರುವು ಬಂತಲ್ಲ, ಅದಕ್ಕೆ ಸ್ವಲ್ಪ ಮುಂಚೆ."

"ಯಾವ ತಿರುವು? ನನಗೆ ಎಲ್ಲಾ ನೆಟ್ಟಗೇ ಕೇಳಿಸ್ತಿದೆ."

"ಅಯ್ಯೋ, ಅಷ್ಟು ಹಿಂದಕ್ಕಲ್ಲ. ಇಲ್ಲೇ. ಈಗ. ಹೋಯ್ತು."

ಮೂರು ಸಲ ಹೀಗಾದ ಮೇಲೆ ಮಗಳು ಮಡಿಸುವ ಬಟ್ಟೆಗೆ ವಾಪಸು ಹೋದಳು. ಹೋಗುತ್ತಾ, "ಹೊಸದು ತಂದುಕೊಟ್ಟರೂ ನಿನ್ನದು ಒಂದಲ್ಲ ಒಂದು. ದಾನದ ಹಸುವಿನ ಹಲ್ಲು ಎಣಿಸಬಾರದಂತೆ," ಎಂದಳು.

"ಹಸು ಕೊಟ್ಟವರು ನನ್ನ ಎಮ್ಮೆ ಹೊಡ್ಕೊಂಡು ಹೋದರಲ್ಲ, ಅದಕ್ಕೇನಂತೆ?"

ಅಳಿಯ ನಕ್ಕ. "ಕಾಲಲ್ಲಿ ಒತ್ತೋದು ಬೇರೆ ಬರುತ್ತೆ ಅತ್ತೆ, ಇದಕ್ಕೆ ಜೋಡಿಸಬಹುದು. ತರಿಸ್ತೀನಿ. ಮೂರು ವಾರ ಆಗುತ್ತೆ ಅಷ್ಟೆ."

"ನನಗೆ ಶನಿವಾರಕ್ಕೆ ಬೇಕು. ಆ ಹಳೇದನ್ನೇ ಕೇಳಿ ಈಸ್ಕೊಂಡು ಬನ್ನಿ."

"ಅದೆಲ್ಲಿ ಈಗ? ಕಂಪನಿಗೆ ಹೋಗಿ ಪುಡಿಯಾಗಿರುತ್ತೆ."

"ಹಾಗಾದ್ರೆ ಈ ಪೆಟ್ಟಿಗೇನೂ ತಗೊಂಡು ಹೋಗಿ, ಇದಕ್ಕೂ ಒಂದು ಗಾಜು ಹಾಕಿಸಿಬಿಡಿ," ಎಂದಳು. ಅಕಾರ್ಡಿಯನ್ನಿನ ಎಡಬದಿಯಲ್ಲಿ ಸಾಲು ಸಾಲಾಗಿ ಸಣ್ಣ ಗುಂಡಿಗಳಿದ್ದವು. ಎದೆಗೆ ಕಟ್ಟಿಕೊಂಡವಳಿಗೆ ಅವು ಎಂದೂ ಕಾಣುವುದಿಲ್ಲ. ಅವುಗಳಲ್ಲಿ ಒಂದರ ನೆತ್ತಿಯಲ್ಲಿ ಸಣ್ಣದೊಂದು ಕುಳಿ. ಬೆರಳು ಮೊದಲು ಅದನ್ನು ಹುಡುಕಿಕೊಳ್ಳುತ್ತದೆ, ಅಲ್ಲಿಂದ ಮಿಕ್ಕವೆಲ್ಲ ಎಲ್ಲಿವೆಯೆಂದು ತಾನೇ ತಿಳಿಯುತ್ತದೆ. ಪೆಟ್ಟಿಗೆ ಮಾಡಿದವನಿಗೆ ನುಡಿಸುವವಳು ನೋಡಲಾರಳು ಎಂದು ಗೊತ್ತಿತ್ತು. ಯಾರೂ ಅವನಿಗೆ ಹೇಳಿರಲಾರರು. ಯೋಚಿಸಿದ್ದ, ಅಷ್ಟೆ.

ಆ ಸಂಜೆ ಹೋಟೆಲಿನಲ್ಲಿ ಮೇಷ್ಟ್ರು ಬಂದರು, ಗೊತ್ತಿದ್ದ ಹಾಡುಗಳನ್ನು ನುಡಿಸಿದರು, ಹೋದರು. ಹಾಡಿನ ಹೆಸರು ಬಿಟ್ಟರೆ ಬೇರೆ ಮಾತಿಲ್ಲ. ಪ್ಲೇಯರು ತಾನಾಗಿ ಓಡಿದ ವಿಷಯವನ್ನು ಆಕೆ ಮ್ಯಾನೇಜರಿಗೆ ಹೇಳಿದಳು. ಅವನು ಪೂರ್ತಿ ಕೇಳಿದ. ಆಮೇಲೆ, "ಬೇಜಾರು ಮಾಡ್ಕೋಬೇಡಿ ಪೆಟ್ಟಿಗೆಯಮ್ಮ," ಎಂದ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಯಜಮಾನರ ಹತ್ತಿರ ನಾನು ಇದನ್ನ ಹೇಳಿದರೆ ಅವರು ನನಗೆ ಹೇಳೋದು ಅದೇ."

ಆದರೆ ನೆಲ ನಿಜವಾಗಿಯೂ ಡೊಂಕಾಗಿತ್ತು. ಅದನ್ನು ಹೇಳುವ ಬಾಯಿಯನ್ನೇ ಒಂದು ಗಾದೆ ಮುಚ್ಚಿಬಿಡುತ್ತದೆ ಎನ್ನುವುದು ಆಕೆಗೆ ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು.

ಬುಧವಾರ ಆಕೆ ಅಳಿಯನ ಅಂಗಡಿಗೆ ಹೋದಳು. ಹಳೆಯದು ಪುಡಿಯಾಗಿದ್ದರೆ ಹೋಗಲಿ, ಗುಂಡಿ ಇರುವ ಇನ್ನೊಂದು ಎಲ್ಲಾದರೂ ಮೂಲೆಯಲ್ಲಿ ಉಳಿದಿದೆಯೇ ಎಂದು ಕೇಳೋಣವೆಂದು. ಅಳಿಯ ಇಲ್ಲ ಎನ್ನಬಹುದು. ಬೇರೆ ಯಾರನ್ನಾದರೂ ಕೇಳೋಣ. ಹೊಸದನ್ನು ಡಬ್ಬಿಯ ಸಮೇತ ಚೀಲದಲ್ಲಿ ಹಾಕಿಕೊಂಡಿದ್ದಳು.

ಅಂಗಡಿಯ ಒಳಗೆ ತಣ್ಣಗಿತ್ತು. ಎಲ್ಲ ಮೇಜುಗಳ ಮೇಲೂ ಗಾಜಿನ ಪರದೆಗಳು ಒಂದೇ ಚಿತ್ರವನ್ನು ತೋರಿಸುತ್ತಿದ್ದವು. ನಡುವಿನ ಕೌಂಟರಿನ ಹತ್ತಿರ ಅಳಿಯ ಒಬ್ಬ ಗಿರಾಕಿಯ ಜೊತೆ ಮಾತಾಡುತ್ತಿದ್ದ, ಬೆನ್ನು ಈ ಕಡೆಗೆ. ಕೌಂಟರಿನ ಮೇಲೆ ಒಂದು ಹಲಗೆ ನಿಲ್ಲಿಸಿದ್ದರು. ಮೇಲೆ ದಪ್ಪ ಅಕ್ಷರದಲ್ಲಿ "ಇನ್ನೂ ಇವನ್ನೇ ಒತ್ತುತ್ತಿದ್ದೀರಾ?" ಎಂದು ಬರೆದಿತ್ತು. ಕೆಳಗೆ ಏಳೆಂಟು ಹಳೆಯ ಪ್ಲೇಯರುಗಳನ್ನು ಸತ್ತ ಜೀರುಂಡೆಗಳಂತೆ ಅಂಟಿಸಿದ್ದರು. ಮೊದಲನೆಯ ಸಾಲಿನ ಕೊನೆಯದರ ಮೇಲೆ ಬಿರಡೆಯ ಚೂರಿತ್ತು.

ಆಕೆ ನಿಂತಳು.

"ಇದನ್ನ ನೋಡಿ ಸಾರ್," ಎನ್ನುತ್ತಿದ್ದ ಅಳಿಯ, ಅದನ್ನೇ ಬೆರಳಿನಿಂದ ತಟ್ಟಿ. "ಇದು ಏನು ಹೇಳಿ ನೋಡೋಣ."

"ಕಾರ್ಕ್ ಥರ ಇದೆ."

"ಕಾರ್ಕೇ. ನಮ್ಮ ಅತ್ತೆಯವರದ್ದು. ಕಾಲಿನ ಹೆಬ್ಬೆರಳಲ್ಲಿ ಒತ್ತುತ್ತಿದ್ದರು."

ಗಿರಾಕಿ ನಕ್ಕ. ಪಕ್ಕದಲ್ಲಿ ಬಿಲ್ಲು ಹಾಕುತ್ತಿದ್ದ ಹುಡುಗಿಯೂ ನಕ್ಕಳು. ಆ ಹುಡುಗಿ ಇದನ್ನು ಎಷ್ಟೋ ಸಲ ಕೇಳಿದ್ದಿರಬೇಕು, ನಗುವ ಜಾಗಕ್ಕಿಂತ ಸ್ವಲ್ಪ ಮುಂಚೆಯೇ ನಕ್ಕಳು.

"ಈಗೇನು ಮಾಡ್ತಾರೆ ಪಾಪ?"

"ಈಗ ಇದೇ ಮಾಡೆಲ್ ಸಾರ್, ನೀವು ಹಿಡ್ಕೊಂಡಿರೋದೇ. ಎರಡು ದಿನ ಗೊಣಗಿದರು. ಈಗ ಬಿಡೋದೇ ಇಲ್ಲ. ತುಂಬಾ ಖುಷಿಯಾಗಿದ್ದಾರೆ."

ಕಾಲಿನ ಮಾತಿಗೆ ಅವರು ನಕ್ಕದ್ದನ್ನು ಆಕೆ ಸಹಿಸಿಕೊಳ್ಳುತ್ತಿದ್ದಳೇನೋ. ಕಾಲಲ್ಲಿ ಒತ್ತುವುದು ನಗೆ ಬರಿಸುವಂಥದೇ; ಮೊದಮೊದಲು ಆಕೆಗೇ ನಗು ಬಂದಿತ್ತು. ಪುಡಿಯಾಯಿತು ಎಂದ ಸುಳ್ಳನ್ನೂ ಮನೆಯೊಳಗಿನ ಸುಳ್ಳೆಂದು ನುಂಗಿಕೊಳ್ಳಬಹುದಿತ್ತು. ಆದರೆ ಕಂಡು ಕೇಳರಿಯದ ಗಿರಾಕಿಯೊಬ್ಬನ ಮುಂದೆ ಆಕೆಯನ್ನು ಸಾಕ್ಷಿಗೆ ನಿಲ್ಲಿಸಿ, ಆಕೆ ಹೇಳದ ಮಾತನ್ನು ಆಕೆಯ ಬಾಯಿಂದ ಹೇಳಿಸಿ, ಅದನ್ನು ಇಟ್ಟುಕೊಂಡು ಅಳಿಯ ಇನ್ನೊಂದು ಗಾಜು ಮಾರುತ್ತಿದ್ದ.

"ಖುಷಿಯಾಗಿಲ್ಲ," ಎಂದಳು.

ಅಳಿಯ ತಿರುಗಿದ. ಮುಖದ ಬಣ್ಣ ಟೈಯ ಹತ್ತಿರದಿಂದ ಮೇಲಕ್ಕೆ ಏರಿತು.

ಆಕೆ ಗಿರಾಕಿಯ ಕಡೆಗೇ ನೋಡುತ್ತಾ ಹೇಳಿದಳು, ದನಿ ಏರಿಸದೆ: "ಆ ಅತ್ತೆ ನಾನೇ. ನಾನು ಗೊಣಗಿದ್ದು ಎರಡು ದಿನ ಅಲ್ಲ, ಇವತ್ತಿಗೂ ಗೊಣಗ್ತಿದ್ದೀನಿ. ಇದು ನನ್ನ ಬೆರಳಿಗೆ ಕೇಳಲ್ಲ. ಕೇಳಬಾರದ್ದನ್ನೆಲ್ಲ ಕೇಳುತ್ತೆ. ಶನಿವಾರ ಇದರಿಂದ ಒಂದು ಹಾಡು ಕೆಟ್ಟಿತು, ಒಬ್ಬ ವಯಸ್ಸಾದವರು ಬೀಳೋದರಲ್ಲಿದ್ದರು. ನಿಮಗೆ ಚೆನ್ನಾಗಿದ್ದರೆ ತಗೊಳ್ಳಿ. ನನ್ನ ಖುಷಿ ನೋಡಿ ತಗೋಬೇಡಿ."

ಗಿರಾಕಿ ಕೈಯಲ್ಲಿದ್ದದ್ದನ್ನು ಮೆತ್ತಗೆ ಕೌಂಟರಿನ ಮೇಲಿಟ್ಟ. "ಆಮೇಲೆ ಬರ್ತೀನಿ," ಎಂದು ಯಾರಿಗೂ ಹೇಳದಂತೆ ಹೇಳಿ ಹೊರಟ.

"ಅತ್ತೆ, ಮನೇಲಿ ಮಾತಾಡೋಣ," ಎಂದ ಅಳಿಯ, ತುಟಿ ಅಲುಗಿಸದೆ. "ಕೈ ಮುಗೀತೀನಿ."

"ಮನೇಲಿ ನೀವು ಪುಡಿಯಾಗಿದೆ ಅಂದ್ರಿ."

"ಅದು ತಿಂಗಳ ಕೊನೆ. ಎಕ್ಸ್‌ಚೇಂಜ್ ಲೆಕ್ಕದಲ್ಲಿ ಒಂದು ಕಮ್ಮಿ ಬಿದ್ದಿತ್ತು. ಇಷ್ಟು ಪೂರೈಸಲೇಬೇಕು ಅಂತ ಮೇಲಿನವರು ಕೂತಿರ್ತಾರೆ. ಹೊಸದಕ್ಕೆ ನನ್ನ ಕೈಯಿಂದಲೇ ದುಡ್ಡು ಹಾಕಿದ್ದೀನಲ್ಲ."

"ಹೊಸದನ್ನ ನಾನು ಕೇಳಿರಲಿಲ್ಲ." ಚೀಲದಿಂದ ಬಿಳಿ ಡಬ್ಬಿ ತೆಗೆದು ಕೌಂಟರಿನ ಮೇಲಿಟ್ಟಳು. "ಇದು ನಿಮ್ಮದು. ಅದು ನನ್ನದು. ಬಿಡಿಸಿ ಕೊಡಿ."

ಬಿಲ್ಲು ಹಾಕುವ ಹುಡುಗಿ ಈಗ ನಗುತ್ತಿರಲಿಲ್ಲ. "ಡಿಸ್‌ಪ್ಲೇಗೆ ಹಾಕಿದ್ದು ಕೊಡೋಕೆ ಬರಲ್ಲ ಆಂಟಿ," ಎಂದಳು. "ಅದು ಈಗ ಅಂಗಡಿಯದ್ದು."

"ನನ್ನ ಕುರ್ಚಿ ಕೆಳಗಿನಿಂದ ಎತ್ಕೊಂಡು ಬಂದದ್ದು ಅಂಗಡಿಯದ್ದು ಹೇಗಾಗುತ್ತಮ್ಮ? ನಾನೆಲ್ಲಾದ್ರೂ ಸಹಿ ಹಾಕಿದ್ದೀನಾ?"

ಹುಡುಗಿ ಅಳಿಯನ ಮುಖ ನೋಡಿದಳು. ಅಳಿಯ ನೆಲ ನೋಡಿದ. ಇಷ್ಟು ಸಾಕಿತ್ತು. ಆಕೆ ಹಲಗೆಯ ಮೇಲೆ ಕೈಯಿಟ್ಟು, ಇಪ್ಪತ್ತು ವರ್ಷ ತಿದಿ ಎಳೆದ ಎಡಗೈಯಿಂದ ಪ್ಲೇಯರನ್ನು ಹಿಡಿದು, ಎಳೆದಳು. ಅಂಟಿನ ಜೊತೆ ಬಣ್ಣದ ಕಾಗದವೂ ಮೇಲಿನ ಅಕ್ಷರಗಳ ಸಮೇತ ಒಂದು ಪಟ್ಟಿ ಕಿತ್ತುಬಂತು. ಹಲಗೆಯ ಮೇಲೆ "ಇನ್ನೂ ಇವನ್ನೇ" ಎನ್ನುವಷ್ಟು ಮಾತ್ರ ಉಳಿಯಿತು.

"ಒಳಗೆ ಏನೂ ಇಲ್ಲ ಅತ್ತೆ," ಎಂದ ಅಳಿಯ ಹಿಂದಿನಿಂದ. ಆಕೆ ಆಗಲೇ ಬಾಗಿಲ ಹತ್ತಿರ ಇದ್ದಳು.

ಅವನು ಹೇಳಿದ್ದು ನಿಜವಾಗಿತ್ತು. ಹಿಂದಿನ ಬೀದಿಯಲ್ಲಿ ರೇಡಿಯೋ, ಮಿಕ್ಸರ್ ರಿಪೇರಿ ಮಾಡುವವನು ಅದನ್ನು ಬಿಚ್ಚಿ ಕನ್ನಡಕ ಹಣೆಗೆ ಏರಿಸಿದ. ಬ್ಯಾಟರಿ ಕಿತ್ತಿದ್ದರು. ಹಾಡು ತುಂಬಿಡುವ ಚಿಪ್‌ಗೆ ನಡುವೆ ಸಣ್ಣ ತೂತು ಕೊರೆದಿದ್ದರು. ಹಳೆಯದರಲ್ಲಿ ಇದ್ದದ್ದು ಬೇರೆಯವರ ಕೈಗೆ ಸಿಗದಿರಲೆಂದು ದೊಡ್ಡ ಅಂಗಡಿಯವರು ಹಾಗೆ ಮಾಡುತ್ತಾರೆ ಎಂದ. "ಇದನ್ನ ಎಬ್ಬಿಸೋಕೆ ನನ್ನ ಕೈಲಾಗಲ್ಲ. ಗುಂಡಿಗಳಿಗೆ ಮಾತ್ರ ಏನೂ ಆಗಿಲ್ಲ ನೋಡಿ," ಎಂದು ಒಂದೊಂದನ್ನೂ ಒತ್ತಿ ತೋರಿಸಿದ. ಟಿಕ್, ಟಿಕ್, ಟಿಕ್.

"ಗುಂಡಿ ಇರೋದು ಬೇರೆ ಯಾವುದಾದರೂ ಇದೆಯಾ ನಿಮ್ಮ ಹತ್ತಿರ?"

"ಇದ್ದವು. ಎಲ್ಲಾ ಎಕ್ಸ್‌ಚೇಂಜಿಗೆ ಹೋದವು."

ಮನೆಯಲ್ಲಿ ಮಗಳು ಕಾಯುತ್ತಿದ್ದಳು. ಫೋನಿನಲ್ಲಿ ಸುದ್ದಿ ಮೊದಲೇ ಬಂದಿತ್ತು.

"ನೀನು ಮಾಡಿದ್ದು ಸರೀನಾ? ಗಿರಾಕಿ ಎದುರಿಗೆ ಅವರ ಮಾನ ತೆಗೆದು ಬಂದಿದ್ದೀಯ. ಮೇಲಿನವರು ಒಳಗೆ ಕರೆದು ಬೈದಿದ್ದಾರೆ. ಹಲಗೆ ದುಡ್ಡು ಸಂಬಳದಲ್ಲಿ ಹಿಡೀತಾರಂತೆ."

ಆಕೆ ಚಪ್ಪಲಿ ಬಿಟ್ಟು, ಖಾಲಿ ಪ್ಲೇಯರನ್ನು ಮೇಜಿನ ಮೇಲಿಟ್ಟಳು. "ಇದು ಪುಡಿಯಾಗಿಲ್ಲ ಅಂತ ನಿನಗೆ ಗೊತ್ತಿತ್ತಾ?"

ಮಗಳು ಬಾಗಿಲಿನ ಚಿಲಕವನ್ನು ಸರಿಸಿದಳು, ಹಾಕಿದಳು. "ಲೆಕ್ಕ ಪೂರ್ತಿ ಆಗಲಿಲ್ಲ ಅಂದ್ರೆ ಕೆಲಸದಿಂದ ತೆಗೀತಿದ್ರು ಅಮ್ಮ. ಇಬ್ಬರನ್ನ ಹೋದ ತಿಂಗಳು ತೆಗೆದರು."

"ಅದನ್ನೇ ಬಂದು ನನ್ನ ಹತ್ತಿರ ಹೇಳಬಹುದಿತ್ತಲ್ಲ. ಕೇಳಬಹುದಿತ್ತಲ್ಲ."

"ಕೇಳಿದ್ದರೆ ಕೊಡ್ತಿದ್ದೆಯಾ?"

ಆಕೆ ಯೋಚಿಸಿದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಕೊಡ್ತಿರಲಿಲ್ಲ."

"ಅದಕ್ಕೇ ಕೇಳಲಿಲ್ಲ," ಎಂದಳು ಮಗಳು.

ಮೂವರೂ ಆ ರಾತ್ರಿ ಬೇರೆ ಬೇರೆ ಹೊತ್ತಿಗೆ ಊಟ ಮಾಡಿದರು.

ಶುಕ್ರವಾರ ಮಧ್ಯಾಹ್ನ ಆಕೆ ಅಕಾರ್ಡಿಯನ್ನನ್ನು ಬೆನ್ನಿಗೆ ಹಾಕಿಕೊಂಡು ಮೇಷ್ಟ್ರ ಕೋಣೆಯ ಮೆಟ್ಟಿಲು ಹತ್ತಿದಳು. ಇಷ್ಟು ವರ್ಷದಲ್ಲಿ ಅಲ್ಲಿಗೆ ಹೋದದ್ದು ಇದೇ ಮೊದಲು. ಮೇಲೆ ಹತ್ತುವಾಗ ಪ್ರತಿ ಮೆಟ್ಟಿಲಿನಲ್ಲೂ ಇಳಿದು ಹೋಗೋಣ ಅನ್ನಿಸುತ್ತಿತ್ತು. ಕೋಣೆಯಲ್ಲಿ ಎರಡು ಕುರ್ಚಿ, ಪುಸ್ತಕ ನಿಲ್ಲಿಸುವ ಒಂದು ಕಬ್ಬಿಣದ ಸ್ಟ್ಯಾಂಡು, ಕಿಟಕಿಯಲ್ಲಿ ಒಣಗಲು ಹಾಕಿದ ಒಂದು ಜೊತೆ ಕಾಲುಚೀಲ.

"ಓದೋಕೆ ಕಲಿಯೋಕೆ ಬಂದ್ರಾ?" ಎಂದರು ಮೇಷ್ಟ್ರು.

"ಇಲ್ಲ. ಅದು ಒಂದು ದಿನದಲ್ಲಿ ಬರಲ್ಲ. ಶನಿವಾರದ್ದು ತಪ್ಪು ನನ್ನ ಕಿವೀದಲ್ಲ ಅಂತ ಹೇಳೋಕೆ ಬಂದೆ." ಮುಳ್ಳು ಬಲಕ್ಕೆ ಹೋದದ್ದನ್ನು, ಅಂಗಡಿಯನ್ನು, ಹಲಗೆಯನ್ನು ಎಲ್ಲ ಹೇಳಿದಳು. ಹೇಳುತ್ತಾ ಸಿಟ್ಟು ಮತ್ತೆ ಬಂತು. "ಕಾಲಿನ ಚರ್ಮ ಸತ್ತಿದೆಯಂತೆ ಮೇಷ್ಟ್ರೇ. ಇಷ್ಟು ಹಾಡು ಹೊತ್ತ ಬೆರಳು."

ಮೇಷ್ಟ್ರು ಕೇಳುತ್ತಾ ಕೇಳುತ್ತಾ ಪಿಟೀಲು ಕೈಗೆತ್ತಿಕೊಂಡಿದ್ದರು. ಕಮಾನಿಗೆ ರಾಳ ಸವರುತ್ತಾ, "ನಾನು ಆವತ್ತು ಕಮಾನು ಎತ್ತಬಾರದಿತ್ತು," ಎಂದರು. ಆಮೇಲೆ ಕುರ್ಚಿ ತೋರಿಸಿ, "ಕೂತ್ಕೊಳ್ಳಿ. ಹಾಡು ನನಗೆ ಬರುತ್ತೆ. ಮೊದಲನೇ ಸಾಲು ಕೇಳಿ," ಎಂದರು.

ಆಕೆ ಅಕಾರ್ಡಿಯನ್ ಹಾಕಿಕೊಂಡಳು. ಚೀಲದಿಂದ ಮರದ ತುಂಡನ್ನು ತೆಗೆದು ಕಾಲ ಬಳಿ ಇಟ್ಟಳು. ಅದಕ್ಕೆ ಖಾಲಿ ಪ್ಲೇಯರನ್ನು ಕಟ್ಟಿಕೊಂಡೇ ಬಂದಿದ್ದಳು. ಚಪ್ಪಲಿ ಬಿಟ್ಟು ಬಿರಡೆಯ ಮೇಲೆ ಹೆಬ್ಬೆರಳಿಟ್ಟಳು.

"ಅದು ಸತ್ತಿದೆ ಅಂದ್ರಲ್ಲ?"

"ಸತ್ತಿದೆ. ಕಾಲಿಗೆ ಎಲ್ಲಾದರೂ ಇಡೋ ಜಾಗ ಬೇಕು. ಇಲ್ಲದಿದ್ದರೆ ಕಿವಿ ನಿಲ್ಲಲ್ಲ. ನೀವು ನುಡಿಸಿ."

ಮೇಷ್ಟ್ರು ನುಡಿಸಿದರು. ನಿಧಾನದ ಹಾಡು. ಎರಡನೆಯ ಸಾಲಿನ ತಿರುವಿಗೆ ಬಂದಾಗ ಆಕೆಯ ಹೆಬ್ಬೆರಳು, ಯಾರೂ ಹೇಳದೆ, ಒತ್ತಿತು. ಟಿಕ್.

ಕಮಾನು ನಿಂತಿತು. "ಏನಾಯ್ತು?"

"ಏನಿಲ್ಲ. ಕಾಲು ಒತ್ತಿಬಿಡ್ತು. ನೀವು ಮುಂದೆ ಹೋಗಿ."

ಮೇಷ್ಟ್ರು ಬಗ್ಗಿ ಆ ಹೆಬ್ಬೆರಳನ್ನು, ಬಿರಡೆಯನ್ನು ಒಮ್ಮೆ ನೋಡಿದರು. ಮುಂದೆ ಹೋಗಲಿಲ್ಲ. ತಿರುವಿಗೆ ಸ್ವಲ್ಪ ಮುಂಚಿನ ಜಾಗಕ್ಕೆ ಹಿಂದಿರುಗಿ, ಅಲ್ಲಿಂದ ನುಡಿಸಿದರು. ಟಿಕ್. ಮತ್ತೆ ಹಿಂದಿರುಗಿದರು. ಆಕೆಯ ಬಲಗೈ ಮನೆಗಳ ಮೇಲೆ ಹುಡುಕತೊಡಗಿತು. ಟಿಕ್.

ಕಿಟಕಿಯ ಬಿಸಿಲು ಕಾಲುಚೀಲದಿಂದ ಗೋಡೆಗೆ ಸರಿಯುವವರೆಗೂ ಹೀಗೇ ನಡೆಯಿತು. ನಡುವೆ ಒಂದು ಸಲ ಮೇಷ್ಟ್ರು ಹೆಗಲು ಉಜ್ಜಿಕೊಂಡು, "ಸ್ವಲ್ಪ ನಿಲ್ಲಿ ತಾಯಿ. ನನ್ನ ಬ್ಯಾಟರಿ ಮುಗೀತಾ ಬಂತು," ಎಂದರು.

ಶನಿವಾರ ಬೆಳಿಗ್ಗೆ ಆಕೆಯ ಕುರ್ಚಿಯ ಮೇಲೆ ಬಿಳಿ ಡಬ್ಬಿ ಇತ್ತು. ಅಂಗಡಿಯಿಂದ ವಾಪಸು ಬಂದಿತ್ತು, ಪೂರ್ತಿ ಚಾರ್ಜ್ ಆಗಿ. ಅಳಿಯ ಅಡುಗೆಮನೆಯಲ್ಲಿ ನಲ್ಲಿಯ ಕೆಳಗೆ ಬಗ್ಗಿ ಏನೋ ಬಿಗಿ ಮಾಡುತ್ತಿದ್ದ. ಆಕೆ ಒಳಗೆ ಬಂದದ್ದು ಗೊತ್ತಾಗಿಯೂ ಬಿಗಿ ಮಾಡುವುದನ್ನು ಮುಂದುವರಿಸಿದ. ಆಕೆ ಡಬ್ಬಿಯನ್ನು ತೆರೆಯದೆ ಎತ್ತಿ ಮಗಳ ಕಪಾಟಿನ ಮೇಲಿಟ್ಟು, ಕುರ್ಚಿಯಲ್ಲಿ ಕೂತು ಚಹಾ ಕುಡಿದಳು.

ಸಂಜೆ ಹೋಟೆಲಿನ ಊಟದ ಕೋಣೆಯ ಗೋಡೆಯಲ್ಲಿ, ಅಡುಗೆಮನೆಯ ಬಾಗಿಲಿನ ಮೇಲೆ, ಎರಡು ಕಪ್ಪು ಸ್ಪೀಕರುಗಳನ್ನು ಆಗಲೇ ಕೂರಿಸಿದ್ದರು. ತಂತಿ ಇನ್ನೂ ಜೋಡಿಸಿರಲಿಲ್ಲ. ಸುರುಳಿ ಸುತ್ತಿ ಮೊಳೆಗೆ ನೇತುಹಾಕಿದ್ದರು. ಆಕೆ ಅದನ್ನು ನೋಡಿದಳು, ಮ್ಯಾನೇಜರನ್ನು ನೋಡಿದಳು. ಅವನು ಮೆನು ಕಾರ್ಡುಗಳನ್ನು ಸರಿಯಾಗಿದ್ದರೂ ಮತ್ತೆ ಜೋಡಿಸಿದ.

ವೃದ್ಧ ದಂಪತಿ ಬಂದರು. ಮೇಜುಗಳು ಗೋಡೆಗೆ ಸರಿದವು. ಆಕೆ ಕುರ್ಚಿಯ ಕೆಳಗೆ ಮರದ ತುಂಡನ್ನಿಟ್ಟು ಎಡಗಾಲಿನ ಚಪ್ಪಲಿ ಬಿಟ್ಟಳು. ಮೇಷ್ಟ್ರು ಅದನ್ನು ನೋಡಿಯೂ ನೋಡದವರಂತೆ ಪಿಟೀಲನ್ನು ಗಲ್ಲಕ್ಕೆ ಒತ್ತಿಕೊಂಡರು. ಆಕೆಯ ಎಡಗೈ ಬೆರಳು ಕುಳಿಯ ಗುಂಡಿಯನ್ನು ಹುಡುಕಿ ನಿಂತಿತು.

ಹಾಡು ನಡೆಯಿತು, ಓಡಲಿಲ್ಲ. ವೃದ್ಧರು ಒಂದು ಕೈಯನ್ನು ಹೆಂಡತಿಯ ಭುಜದ ಮೇಲಿಟ್ಟು, ಹೆಜ್ಜೆಗೊಮ್ಮೆ ಮಂಡಿಯನ್ನು ಕೇಳಿಕೊಂಡವರಂತೆ ಸುತ್ತಿದರು. ಬಡಿಸುವವರು ತಟ್ಟೆ ಹಿಡಿದೇ ನಿಂತರು. ಕೊನೆಯ ಸಾಲು ಮುಗಿಯಿತು. ತಿದಿಯೊಳಗೆ ಉಳಿದ ಗಾಳಿ ಮೆಲ್ಲಗೆ ಹೊರಗೆ ಹೋಯಿತು.

ಆ ಹೆಂಗಸು ಗಂಡನ ಕೈಯನ್ನು ಬಿಟ್ಟಿರಲಿಲ್ಲ. ಕುರ್ಚಿಯ ಕಡೆಗೂ ಹೋಗಲಿಲ್ಲ. ಅಲ್ಲೇ ನಿಂತು, ಇನ್ನೊಮ್ಮೆ ಎನ್ನುವಂತೆ ವಾದ್ಯದವರ ಕಡೆ ನೋಡಿದರು.

ಕುರ್ಚಿಯ ಕೆಳಗೆ ಟಿಕ್ ಎಂದಿತು. ಮೇಷ್ಟ್ರು ಕಮಾನನ್ನು ಮೊದಲನೆಯ ಸ್ವರಕ್ಕೆ ಹಿಂದಕ್ಕೆ ಒಯ್ದರು.